ಮಾದರಿಯ ಆಯ್ಕೆ ಮತ್ತು ಎಣಿಕೆಯ ಹೊಣೆ: ಗುರುತು–ಮರುಸೆರೆ ಅಧ್ಯಯನಗಳ ಒಂದು ವಿಮರ್ಶೆ

1. ಪೀಠಿಕೆ

2023ರ ಏಪ್ರಿಲ್ ತಿಂಗಳಿನಲ್ಲಿ ಮೈಸೂರಿನಲ್ಲಿ ನಡೆದ ಹುಲಿ ಯೋಜನೆಯ ಐವತ್ತನೆಯ ವರ್ಷದ ಸಮಾರಂಭದಲ್ಲಿ ಭಾರತದ ಹುಲಿಗಳ ಕನಿಷ್ಠ ಸಂಖ್ಯೆ 3,167 ಎಂದು ಪ್ರಕಟಿಸಲಾಯಿತು. ಅದೇ ವರ್ಷದ ಜುಲೈ ತಿಂಗಳಿನಲ್ಲಿ, ಅದೇ 2022ರ ಸಮೀಕ್ಷೆಯನ್ನು ಆಧರಿಸಿ, ಸರಾಸರಿ 3,682 ಮತ್ತು ಮೇಲಿನ ಮಿತಿ 3,925 ಎಂಬ ಅಂಕಿಗಳು ಹೊರಬಂದವು. ಮೂರು ತಿಂಗಳಲ್ಲಿ ಹುಲಿಗಳು ಐನೂರರಷ್ಟು ಹೆಚ್ಚಿರಲಿಲ್ಲ. ಕ್ಯಾಮೆರಾ ಇಟ್ಟ ನೆಲೆಗಳೊಂದಿಗೆ ಕ್ಯಾಮೆರಾ ಇಡದ ನೆಲೆಗಳನ್ನೂ ವಿಶ್ಲೇಷಣೆಗೆ ಸೇರಿಸಿಕೊಂಡ ಕಾರಣ ಅಂಕಿ ಬದಲಾಗಿತ್ತು. ಆದರೆ ಓದುಗರ ಮನಸ್ಸಿನಲ್ಲಿ ಉಳಿದದ್ದು ಅಂಕಿಗಳು ಮಾತ್ರ. ಅವು ಯಾವ ಕಲ್ಪನೆಗಳ ಮೇಲೆ ನಿಂತಿವೆ ಎಂಬ ವಿವರ ವರದಿಗಳ ಒಳಪುಟಗಳಲ್ಲಿಯೇ ಉಳಿಯಿತು.

ವನ್ಯಜೀವಿಗಳ ಸಂಖ್ಯೆಯನ್ನು ಕುರಿತ ಯಾವ ಹೇಳಿಕೆಯೂ ಒಂದು ಸಂಖ್ಯಾಶಾಸ್ತ್ರೀಯ ಮಾದರಿಯ ಮೂಲಕವೇ ನಮ್ಮನ್ನು ತಲುಪುತ್ತದೆ. ಒಂದೇ ದತ್ತಾಂಶಕ್ಕೆ ಹಲವು ಮಾದರಿಗಳನ್ನು ಹೊಂದಿಸಬಹುದು. ಮಾದರಿ ಬದಲಾದರೆ ಸಂಖ್ಯೆಯೂ ಬದಲಾಗಬಹುದು. ಆದುದರಿಂದ ಅವುಗಳಲ್ಲಿ ಒಂದನ್ನು ಆರಿಸುವ ಕ್ರಮ ಯಾವುದು ಎಂಬ ಪ್ರಶ್ನೆ ಸಂಖ್ಯಾಶಾಸ್ತ್ರಜ್ಞರಿಗಷ್ಟೇ ಸೇರಿದ್ದಲ್ಲ. ಈ ಕ್ಷೇತ್ರದಲ್ಲಿ ಕಳೆದ ಅರ್ಧ ಶತಮಾನದಲ್ಲಿ ಬೆಳೆದುಬಂದಿರುವ ಮಾದರಿ ಆಯ್ಕೆಯ ಕ್ರಮಗಳು ಎಲ್ಲಿ ನಂಬಲರ್ಹ, ಎಲ್ಲಿ ಅಲ್ಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪರಿಭಾಷೆಯ ಬಗ್ಗೆ ಒಂದು ಮಾತು ಅಗತ್ಯ. ಕನ್ನಡದಲ್ಲಿ 'ಮಾದರಿ' ಎಂಬ ಪದವನ್ನು ಮಾಡೆಲ್ ಹಾಗೂ ಸ್ಯಾಂಪಲ್ ಎರಡಕ್ಕೂ ಬಳಸುವ ರೂಢಿಯಿದೆ. ಇಲ್ಲಿ ಅದನ್ನು ಮಾಡೆಲ್ ಎಂಬ ಅರ್ಥದಲ್ಲಿ ಮಾತ್ರ ಬಳಸಿದೆ. ಮಾದರಿಯೊಳಗಿನ ಅಜ್ಞಾತ ಪರಿಮಾಣಗಳನ್ನು 'ಪ್ರಾಚಲ'ಗಳೆಂದೂ, ದೊರೆತ ದತ್ತಾಂಶಕ್ಕೆ ಮಾದರಿಯು ಎಷ್ಟು ಹೊಂದುತ್ತದೆ ಎಂಬುದರ ಅಳತೆಯನ್ನು 'ಸಂಭಾವ್ಯತೆ' ಎಂದೂ ಕರೆದಿದೆ.

2. ವಿಧಾನದ ಹಿನ್ನೆಲೆ

ಗುರುತು–ಮರುಸೆರೆ ವಿಧಾನದ ಮೂಲತತ್ತ್ವ ಸರಳವಾದುದು. ಮೊದಲ ಸಲ ಸಿಕ್ಕ ಪ್ರಾಣಿಗಳಿಗೆ ಗುರುತು ಹಾಕಿ ಬಿಡುವುದು. ಎರಡನೆಯ ಸಲ ಸಿಕ್ಕವುಗಳಲ್ಲಿ ಗುರುತುಳ್ಳವು ಎಷ್ಟು ಪಾಲು ಎಂದು ನೋಡುವುದು. ಆ ಪಾಲಿನಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವುದು. ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳಿಗೆ ಗುರುತು ಹಾಕಿದ ಅಧ್ಯಯನದಿಂದಲೂ, ಅಮೆರಿಕದ ಲಿಂಕನ್ 1930ರಲ್ಲಿ ಬಾತುಕೋಳಿಗಳ ಕಾಲುಂಗುರಗಳ ಲೆಕ್ಕದಿಂದಲೂ ಈ ಸೂತ್ರಕ್ಕೆ ಅವರಿಬ್ಬರ ಹೆಸರು ಬಂದಿದೆ.

ಇದೇ ತತ್ತ್ವ ಭಾರತದ ಜನಸಂಖ್ಯಾ ಅಧ್ಯಯನದಲ್ಲಿಯೂ ಪ್ರಮುಖ ಪಾತ್ರ ವಹಿಸಿದೆ. 1949ರಲ್ಲಿ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಅವರು ಕೋಲ್ಕತ್ತ ಸಮೀಪದ ಸಿಂಗೂರಿನ ದತ್ತಾಂಶವನ್ನು ಬಳಸಿ ಜನನ–ಮರಣಗಳ ನಿಜವಾದ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಮಂಡಿಸಿದರು. ನೋಂದಣಿ ಪುಸ್ತಕ ಒಂದು 'ಸೆರೆ', ಮನೆಮನೆಗೆ ಹೋಗಿ ಸಂಗ್ರಹಿಸಿದ ಪಟ್ಟಿ ಇನ್ನೊಂದು. ಒಂದು ಪಟ್ಟಿಯಿಂದ ತಪ್ಪಿಸಿಕೊಂಡ ಘಟನೆ ಇನ್ನೊಂದರಿಂದಲೂ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚಿದ್ದರೆ ಅಂದಾಜು ನಿಜಕ್ಕಿಂತ ಕಡಿಮೆಯಾಗುತ್ತದೆ ಎಂಬುದನ್ನು ಅವರು ಗುರುತಿಸಿದ್ದರು. ಜನರನ್ನು ಸಮಾನ ಸ್ವಭಾವದ ಗುಂಪುಗಳಾಗಿ ವಿಂಗಡಿಸಿ ಲೆಕ್ಕ ಮಾಡುವುದು ಅವರು ಸೂಚಿಸಿದ ಪರಿಹಾರ. ಪರಿಹಾರವು ಸೂತ್ರದಲ್ಲಿ ಇಲ್ಲದೆ ದತ್ತಾಂಶವನ್ನು ಸಂಗ್ರಹಿಸಿ ವಿಂಗಡಿಸುವ ರೀತಿಯಲ್ಲಿದೆ ಎಂಬ ಈ ತಿಳಿವಳಿಕೆಗೆ ಲೇಖನದ ಕೊನೆಯಲ್ಲಿ ಮರಳಬೇಕಾಗುತ್ತದೆ.

3. ಎಂಟು ಮಾದರಿಗಳು ಮತ್ತು ಒಂದು ಗಣಕ ಕಾರ್ಯಕ್ರಮ

1978ರಲ್ಲಿ ಓಟಿಸ್, ಬರ್ನ್‌ಹ್ಯಾಮ್, ವೈಟ್ ಮತ್ತು ಆಂಡರ್ಸನ್ ಅವರು ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರಕ್ಕೆ ಒಂದು ವ್ಯವಸ್ಥೆಯನ್ನು ತಂದಿತು. ಅಧ್ಯಯನದ ಅವಧಿಯಲ್ಲಿ ಹುಟ್ಟು, ಸಾವು, ವಲಸೆಗಳಿಲ್ಲದ 'ಮುಚ್ಚಿದ' ಸಮುದಾಯವನ್ನು ಅವರು ಗಣನೆಗೆ ತೆಗೆದುಕೊಂಡರು. ಸೆರೆಯ ಸಂಭವನೀಯತೆ ಮೂರು ಕಾರಣಗಳಿಂದ ಬದಲಾಗಬಹುದು: ದಿನದಿಂದ ದಿನಕ್ಕೆ, ಒಮ್ಮೆ ಸಿಕ್ಕಿದ ಪ್ರಾಣಿ ಬಲೆಗೆ ಹೆದರಿ ಅಥವಾ ಆಹಾರಕ್ಕೆ ಒಗ್ಗಿಕೊಂಡು ವರ್ತನೆ ಬದಲಿಸುವುದರಿಂದ, ಒಂದು ಪ್ರಾಣಿಗೂ ಇನ್ನೊಂದಕ್ಕೂ ಇರುವ ಸಹಜ ಭಿನ್ನತೆಯಿಂದ. ಈ ಮೂರು ಕಾರಣಗಳ ಇರುವಿಕೆ–ಇಲ್ಲದಿರುವಿಕೆಗಳಿಂದ ಎಂಟು ಮಾದರಿಗಳು ಹುಟ್ಟುತ್ತವೆ. ಎಲ್ಲ ಪ್ರಾಣಿಗಳೂ ಎಲ್ಲ ದಿನಗಳಲ್ಲೂ ಸಮಾನವಾಗಿ ಸಿಗುತ್ತವೆ ಎನ್ನುವುದು ಅತ್ಯಂತ ಸರಳವಾದ 'ಎಂ–ಸೊನ್ನೆ' ಮಾದರಿ. ಪ್ರಾಣಿಯಿಂದ ಪ್ರಾಣಿಗೆ ಭಿನ್ನತೆಯುಂಟು ಎನ್ನುವುದು 'ಎಂ–ಎಚ್' ಮಾದರಿ.

ಇವುಗಳಲ್ಲಿ ಒಂದನ್ನು ಆರಿಸಲು 'ಕ್ಯಾಪ್ಚರ್' ಎಂಬ ಗಣಕ ಕಾರ್ಯಕ್ರಮದಲ್ಲಿ ಒಂದು ಕ್ರಮವನ್ನು ಅಳವಡಿಸಲಾಯಿತು. ಹಲವು ಪರೀಕ್ಷೆಗಳ ಫಲಿತಾಂಶಗಳನ್ನು ಕೂಡಿಸಿ ಅದು ಪ್ರತಿ ಮಾದರಿಗೂ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತದೆ. ಸಂಶೋಧಕರಿಗೆ ಇದರಿಂದ ದೊಡ್ಡ ಅನುಕೂಲವಾಯಿತು. ಆದರೆ ಪ್ರಾಣಿಗಳು ಕಡಿಮೆ ಇದ್ದು ಸೆರೆಗಳೂ ವಿರಳವಾದಾಗ ಆ ಪರೀಕ್ಷೆಗಳಿಗೆ ಭಿನ್ನತೆಯನ್ನು ಪತ್ತೆಹಚ್ಚುವ ಶಕ್ತಿ ಇರುವುದಿಲ್ಲ. ಪತ್ತೆಯಾಗದ ಭಿನ್ನತೆಯನ್ನು ಇಲ್ಲದ ಭಿನ್ನತೆಯೆಂದು ಭಾವಿಸಿ ಕ್ರಮವು ಎಂ–ಸೊನ್ನೆಯ ಕಡೆಗೆ ವಾಲುತ್ತದೆ. ಮೆಂಕೆನ್ಸ್ ಮತ್ತು ಆಂಡರ್ಸನ್ ಅವರು 1988ರಲ್ಲಿಯೇ ಸಣ್ಣ ಸಮುದಾಯಗಳ ವಿಷಯದಲ್ಲಿ ಈ ಆಯ್ಕೆಕ್ರಮದ ದೌರ್ಬಲ್ಯವನ್ನು ತೋರಿಸಿದ್ದರು. ಅಪರೂಪದ ಪ್ರಾಣಿಗಳನ್ನು ಅಧ್ಯಯನ ಮಾಡುವವರಿಗೆ ಲಭ್ಯವಿರುವುದು ಇಂತಹ ದತ್ತಾಂಶವೇ ಎಂಬುದನ್ನು ನೆನೆದರೆ ಈ ದೌರ್ಬಲ್ಯದ ಗಾಂಭೀರ್ಯ ಸ್ಪಷ್ಟವಾಗುತ್ತದೆ.

4. ಅಕೈಕೆಯ ಮಾನದಂಡ ಮತ್ತು ಅದರ ಗೆಲುವು

ಜಪಾನಿನ ಸಂಖ್ಯಾಶಾಸ್ತ್ರಜ್ಞ ಹಿರೊತುಗು ಅಕೈಕೆ 1973ರಲ್ಲಿ ಪ್ರಕಟಿಸಿದ ಮಾನದಂಡ ಈ ಚರ್ಚೆಯ ದಿಕ್ಕನ್ನು ಬದಲಿಸಿತು. 'ಎಐಸಿ' ಎಂದು ಪ್ರಸಿದ್ಧವಾದ ಇದರ ಸೂತ್ರವನ್ನು ಹೀಗೆ ಹೇಳಬಹುದು: ಗರಿಷ್ಠ ಸಂಭಾವ್ಯತೆಯ ಲಾಗರಿತಮ್ ಅನ್ನು ಋಣ ಎರಡರಿಂದ ಗುಣಿಸಿ, ಅದಕ್ಕೆ ಪ್ರಾಚಲಗಳ ಸಂಖ್ಯೆಯ ಎರಡರಷ್ಟನ್ನು ಕೂಡಿಸುವುದು. ಮೊತ್ತ ಕಡಿಮೆಯಿದ್ದಷ್ಟೂ ಮಾದರಿ ಉತ್ತಮ. ಮೊದಲ ಭಾಗ ದತ್ತಾಂಶಕ್ಕೆ ಹೊಂದುವುದನ್ನು ಪುರಸ್ಕರಿಸಿದರೆ, ಎರಡನೆಯ ಭಾಗ ಅನಗತ್ಯ ಪ್ರಾಚಲಗಳಿಗೆ ದಂಡ ವಿಧಿಸುತ್ತದೆ. ಯಾವ ಮಾದರಿಯೂ ಪೂರ್ಣ ಸತ್ಯವಲ್ಲ, ಇರುವವುಗಳಲ್ಲಿ ವಾಸ್ತವಕ್ಕೆ ಹೆಚ್ಚು ಸಮೀಪವಾದುದನ್ನು ಹುಡುಕಬೇಕು ಎಂಬುದು ಇದರ ಹಿಂದಿನ ದೃಷ್ಟಿ.

ಗುರುತು–ಮರುಸೆರೆ ಕ್ಷೇತ್ರಕ್ಕೆ ಇದನ್ನು ಸಮಗ್ರವಾಗಿ ಅನ್ವಯಿಸಿದವರು ಲೆಬ್ರೆಟನ್, ಬರ್ನ್‌ಹ್ಯಾಮ್, ಕ್ಲೋಬೆರ್ ಮತ್ತು ಆಂಡರ್ಸನ್. 1992ರ ಅವರ ಪ್ರಬಂಧದಿಂದ ಪಾಠಪುಸ್ತಕಗಳಿಗೆ ಬಂದ ಡಿಪ್ಪರ್ ಹಕ್ಕಿಯ ಉದಾಹರಣೆ ಇಂದಿಗೂ ಬೋಧನೆಯಲ್ಲಿ ಬಳಕೆಯಲ್ಲಿದೆ. ತೊರೆಗಳಲ್ಲಿ ಮುಳುಗಿ ಆಹಾರ ಹುಡುಕುವ ಈ ಪುಟ್ಟ ಹಕ್ಕಿಗಳ ಪೈಕಿ 294ನ್ನು ಪೂರ್ವ ಫ್ರಾನ್ಸಿನಲ್ಲಿ 1981ರಿಂದ 1987ರವರೆಗೆ ಮಾರ್ಜೊಲಿನ್ ಅವರು ಗುರುತು ಹಾಕಿ ಅನುಸರಿಸಿದರು. 1983ರಲ್ಲಿ ಅಲ್ಲಿ ಪ್ರವಾಹ ಬಂದಿತ್ತು. ವರ್ಷದಿಂದ ವರ್ಷಕ್ಕೆ ಉಳಿವಿನ ಪ್ರಮಾಣ ಒಂದೇ ಎಂಬ ಮಾದರಿಗೆ, ಸಣ್ಣ ದತ್ತಾಂಶಕ್ಕೆ ತಿದ್ದಿದ ಎಐಸಿ ಬೆಲೆ 670.87, ಪ್ರತಿ ವರ್ಷವೂ ಬೇರೆ ಬೇರೆ ಎಂಬ ಮಾದರಿಗೆ 674.00, ಪ್ರವಾಹಕ್ಕೆ ಸಿಕ್ಕ ಎರಡು ಅವಧಿಗಳಿಗೆ ಒಂದು, ಉಳಿದವಕ್ಕೆ ಇನ್ನೊಂದು ಎಂಬ ಮಾದರಿಗೆ 666.16. ಈ ಕೊನೆಯ ಮಾದರಿಯ ಪ್ರಕಾರ ಪ್ರವಾಹದ ಅವಧಿಗಳಲ್ಲಿ ಉಳಿವು ಸುಮಾರು 0.47, ಉಳಿದ ಅವಧಿಗಳಲ್ಲಿ ಸುಮಾರು 0.61. ಎಐಸಿ ಬೆಲೆಗಳ ಅಂತರದಿಂದ ಲೆಕ್ಕ ಹಾಕಿದರೆ ಪ್ರವಾಹದ ಮಾದರಿಗೆ ದತ್ತಾಂಶದ ಬೆಂಬಲ ಸ್ಥಿರ ಉಳಿವಿನ ಮಾದರಿಗಿಂತ ಹತ್ತು ಪಟ್ಟಿನಷ್ಟು.

ಈ ಯಶಸ್ಸಿಗೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಪ್ರವಾಹದ ಮಾದರಿ ಗಣಕದಿಂದ ಹುಟ್ಟಿದ್ದಲ್ಲ; ಹೊಳೆಯನ್ನು ಬಲ್ಲವರ ತಿಳಿವಳಿಕೆಯಿಂದ ಬಂದದ್ದು. ಎರಡನೆಯದಾಗಿ, ಇಲ್ಲಿ ಕೇಳಿದ ಪ್ರಶ್ನೆ ಗುರುತು ಹಾಕಿದ ಹಕ್ಕಿಗಳದ್ದೇ ಉಳಿವನ್ನು ಕುರಿತದ್ದು. ಹಕ್ಕಿಗಳು ನಮ್ಮ ಕಣ್ಣಿಗೆ ಬಿದ್ದಿವೆ. ಅವುಗಳ ಮುಂದಿನ ಗತಿ ಏನೆಂದಷ್ಟೇ ನಾವು ಕೇಳುತ್ತಿದ್ದೇವೆ. ಮರುಸೆರೆಯ ಸಂಭವನೀಯತೆ ಸುಮಾರು 0.90 ಇದ್ದುದರಿಂದ ಆ ಪ್ರಶ್ನೆಗೆ ದತ್ತಾಂಶದಲ್ಲಿಯೇ ಉತ್ತರವಿತ್ತು. ಈ ಎರಡನೆಯ ಕಾರಣಕ್ಕೆ ದೊರೆಯಬೇಕಾದ ಗಮನ ದೊರೆತಿಲ್ಲ.

5. ಮಾನದಂಡಕ್ಕೆ ಕಾಣದ ವ್ಯತ್ಯಾಸ

ಉಳಿವಿನ ಪ್ರಶ್ನೆಯಿಂದ ಸಂಖ್ಯೆಯ ಪ್ರಶ್ನೆಗೆ ಬಂದ ಕೂಡಲೇ ಪರಿಸ್ಥಿತಿ ಬದಲಾಗುತ್ತದೆ. ಒಟ್ಟು ಸಂಖ್ಯೆಯೆಂದರೆ ಕಂಡ ಪ್ರಾಣಿಗಳು ಮತ್ತು ಒಮ್ಮೆಯೂ ಕಾಣದ ಪ್ರಾಣಿಗಳ ಮೊತ್ತ. ಕಾಣದವುಗಳ ಬಗ್ಗೆ ದತ್ತಾಂಶ ನೇರವಾಗಿ ಏನನ್ನೂ ಹೇಳದು. ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು.

ಒಂದು ಕಾಡಿನಲ್ಲಿ 60 ಪ್ರಾಣಿಗಳಿವೆ ಎಂದು ಭಾವಿಸೋಣ. ಅವುಗಳಲ್ಲಿ 30 ದಿಟ್ಟ ಸ್ವಭಾವದವು. ಒಂದು ಸುತ್ತಿನಲ್ಲಿ ಸೆರೆ ಸಿಗುವ ಸಂಭವನೀಯತೆ 0.6. ಉಳಿದ 30 ಅಂಜುಬುರುಕ. ಅವುಗಳ ಸಂಭವನೀಯತೆ 0.1. ಎರಡು ಸುತ್ತುಗಳ ಸೆರೆ ನಡೆದರೆ ಪ್ರತಿ ಸುತ್ತಿನಲ್ಲಿಯೂ ಸರಾಸರಿ 21 ಪ್ರಾಣಿಗಳು ಸಿಗುತ್ತವೆ. ಎರಡರಲ್ಲಿಯೂ ಸಿಗುವವು ಸುಮಾರು 11. ಒಟ್ಟು ಸುಮಾರು 31 ಪ್ರಾಣಿಗಳು ಕಂಡವು. 20 ಒಂದು ಸಲ, 11 ಎರಡು ಸಲ. ಪೀಟರ್ಸನ್ ಸೂತ್ರಕ್ಕೆ ಇದನ್ನು ಹಾಕಿದರೆ ಬರುವ ಉತ್ತರ ಸುಮಾರು 40. ಅಂದರೆ ಮೂರನೆಯ ಒಂದು ಪಾಲು ಪ್ರಾಣಿಗಳು ಲೆಕ್ಕದಿಂದ ಮಾಯವಾದವು.

ಈಗ ಎಐಸಿ ಯಾವ ಮಾದರಿಯನ್ನು ಆರಿಸುತ್ತದೆ ಎಂದು ನೋಡೋಣ. 40 ಪ್ರಾಣಿಗಳಿದ್ದು ಪ್ರತಿಯೊಂದೂ 0.53ರ ಸಂಭವನೀಯತೆಯಿಂದ ಸಿಗುತ್ತದೆ ಎನ್ನುವ ಸರಳ ಮಾದರಿಯೂ ಸುಮಾರು 31 ಪ್ರಾಣಿಗಳು, 20 ಒಂದು ಸಲ, 11 ಎರಡು ಸಲ ಎಂದೇ ಹೇಳುತ್ತದೆ. ಕಂಡ ಪ್ರಾಣಿಗಳ ಮಟ್ಟಿಗೆ ಎರಡು ಮಾದರಿಗಳ ಸಂಭಾವ್ಯತೆಯೂ ಒಂದೇ. ಸರಳ ಮಾದರಿಗೆ ಸೆರೆಯ ಪ್ರಾಚಲ ಒಂದು; ನಿಜವಾದ ಮಾದರಿಗೆ ಮೂರು. ಹೀಗಾಗಿ ಎಐಸಿ ನಾಲ್ಕು ಅಂಶಗಳ ಅಂತರದಿಂದ ತಪ್ಪು ಮಾದರಿಯನ್ನು ಆರಿಸುತ್ತದೆ. ಮಾನದಂಡದಲ್ಲಿ ದೋಷವೇನೂ ಇಲ್ಲ. ತನ್ನ ಮುಂದಿಟ್ಟ ದತ್ತಾಂಶಕ್ಕೆ ಅದು ಸರಿಯಾಗಿಯೇ ತೀರ್ಪು ಕೊಟ್ಟಿದೆ. ತೀರ್ಪಿಗೆ ಬೇಕಾದ ಸಾಕ್ಷ್ಯವೇ ಅದರ ಮುಂದೆ ಇರಲಿಲ್ಲ.

ಸುತ್ತುಗಳನ್ನು ಹೆಚ್ಚಿಸಿದರೆ ಈ ತೊಡಕು ತಾನಾಗಿಯೇ ನಿವಾರಣೆಯಾಗುತ್ತದೆ ಎಂದು ತೋರಬಹುದು. ಆದರೆ ಸೆರೆಯ ಸಂಭವನೀಯತೆಯಲ್ಲಿ ಭಿನ್ನತೆಯಿರುವಾಗ, ಹಲವು ಸುತ್ತುಗಳಿದ್ದರೂ, ದತ್ತಾಂಶಕ್ಕೆ ಒಂದೇ ರೀತಿ ಹೊಂದುವ ಎರಡು ಮಾದರಿಗಳು ಒಟ್ಟು ಸಂಖ್ಯೆಯನ್ನು ಕುರಿತು ತೀರ ಬೇರೆ ಉತ್ತರಗಳನ್ನು ಕೊಡಬಲ್ಲವು ಎಂಬುದನ್ನು 2003ರಲ್ಲಿ ವಿಲಿಯಂ ಲಿಂಕ್ ಅವರು ಗಣಿತೀಯವಾಗಿ ಸ್ಥಾಪಿಸಿದರು. ಒಮ್ಮೆಯಾದರೂ ಸಿಕ್ಕವುಗಳ ವಿತರಣೆಯಿಂದ ಒಮ್ಮೆಯೂ ಸಿಗದವುಗಳನ್ನು ಊಹಿಸುವ ಹೆಜ್ಜೆ ಮಾದರಿಯ ಆಕಾರವನ್ನೇ ಅವಲಂಬಿಸಿದೆ. ಆ ಆಕಾರವನ್ನು ದತ್ತಾಂಶದಿಂದ ಪರೀಕ್ಷಿಸಲಾಗದು.

ಬೇರೆ ಮಾನದಂಡಗಳನ್ನು ಬಳಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಶ್ವಾರ್ಟ್ಸ್ 1978ರಲ್ಲಿ ಸೂಚಿಸಿದ ಮಾನದಂಡವು ಪ್ರಾಚಲಗಳಿಗೆ ಇನ್ನೂ ಹೆಚ್ಚಿನ ದಂಡ ವಿಧಿಸುತ್ತದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿ ವಿಶ್ವಖ್ಯಾತಿ ಪಡೆದ ಸಿ. ಆರ್. ರಾವ್ ಅವರು ಯುಹುವಾ ವೂ ಅವರೊಡನೆ 1989ರಲ್ಲಿ ನಿಯತಾಶ್ರಯ ವಿಶ್ಲೇಷಣೆಗೆ ಒಂದು ಆಯ್ಕೆಕ್ರಮವನ್ನು ರೂಪಿಸಿದರು. ದತ್ತಾಂಶ ಬೆಳೆದಂತೆ ಅದು ನಿಜವಾದ ಮಾದರಿಯನ್ನೇ ತಲುಪುತ್ತದೆಂದು ಸಾಧಿಸಿದರು. ಈ ಕ್ರಮಗಳ ತಾರತಮ್ಯ ಮಹತ್ತ್ವದ ವಿಷಯವೇ. ಆದರೆ ಇವೆಲ್ಲವೂ ದತ್ತಾಂಶವು ಮಾದರಿಗಳ ನಡುವೆ ವ್ಯತ್ಯಾಸ ತೋರಬಲ್ಲದು ಎಂದು ಭಾವಿಸಿಕೊಂಡಿವೆ. ಮೇಲಿನ ಉದಾಹರಣೆಗೆ ಶ್ವಾರ್ಟ್ಸ್ ಮಾನದಂಡವನ್ನು ಅನ್ವಯಿಸಿದರೆ ತಪ್ಪು ಮಾದರಿಯ ಗೆಲುವಿನ ಅಂತರ ನಾಲ್ಕರಿಂದ ಸುಮಾರು ಏಳಕ್ಕೆ ಏರುತ್ತದೆ. ಹಲವು ಮಾದರಿಗಳ ಉತ್ತರಗಳಿಗೆ ತೂಕ ಕೊಟ್ಟು ಸರಾಸರಿ ತೆಗೆಯುವ ಕ್ರಮವನ್ನು ಸ್ಟಾನ್ಲಿ ಮತ್ತು ಬರ್ನ್‌ಹ್ಯಾಮ್ 1998ರಲ್ಲಿ ಮುಚ್ಚಿದ ಸಮುದಾಯಗಳಿಗೆ ವಿಸ್ತರಿಸಿದರು. ಅದು ಆಯ್ಕೆಯ ಅನಿಶ್ಚಿತತೆಯನ್ನು ಒಪ್ಪಿಕೊಳ್ಳುವ ಪ್ರಾಮಾಣಿಕ ಕ್ರಮ. ಆದರೂ ತೂಕ ನಿರ್ಧಾರವಾಗುವುದು ಅದೇ ಮಾನದಂಡದಿಂದ.

6. ನಾಗರಹೊಳೆಯ ಅಧ್ಯಯನಗಳು

ಈ ಹಿನ್ನೆಲೆಯಲ್ಲಿ ಕರ್ನಾಟಕದ ನಾಗರಹೊಳೆಯಲ್ಲಿ ನಡೆದ ಕೆಲಸವನ್ನು ಪರಿಶೀಲಿಸುವುದು ಉಪಯುಕ್ತ. ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಇನ್ನೊಂದಕ್ಕಿಲ್ಲ. ಆದುದರಿಂದ ಛಾಯಾಚಿತ್ರವೇ ಗುರುತು. ಕೆ. ಉಲ್ಲಾಸ ಕಾರಂತರು 1995ರಲ್ಲಿ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಗೆ ಗುರುತು–ಮರುಸೆರೆ ಮಾದರಿಗಳನ್ನು ಅನ್ವಯಿಸಿದರು. 1998ರಲ್ಲಿ ಕಾರಂತ ಮತ್ತು ಜೇಮ್ಸ್ ನಿಕೋಲ್ಸ್ ಅವರು ನಾಲ್ಕು ಕಾಡುಗಳ ಫಲಿತಾಂಶ ಪ್ರಕಟಿಸಿದರು: ನೂರು ಚದರ ಕಿಲೋಮೀಟರಿಗೆ ಪೆಂಚ್‌ನಲ್ಲಿ 4.1, ಕಾನ್ಹಾದಲ್ಲಿ 11.7, ನಾಗರಹೊಳೆಯಲ್ಲಿ 11.5, ಕಾಜಿರಂಗದಲ್ಲಿ 16.8 ಹುಲಿಗಳು.

ಇಲ್ಲಿ ಗಮನಿಸಬೇಕಾದದ್ದು ಅವರು ಭಿನ್ನತೆಗೆ ಅವಕಾಶ ಕೊಡುವ ಎಂ–ಎಚ್ ಮಾದರಿಯನ್ನು ಬಳಸಿದ್ದು. ಹುಲಿಗಳು ತಮ್ಮದೇ ವಲಯಗಳನ್ನು ಕಾಯ್ದುಕೊಳ್ಳುತ್ತವೆ. ಗಂಡು, ಹೆಣ್ಣು, ನೆಲೆ ಇಲ್ಲದ ಅಲೆಮಾರಿ ಹುಲಿಗಳ ಸಂಚಾರ ಬೇರೆ ಬೇರೆ. ಒಂದರ ವಲಯದೊಳಗೆ ನಾಲ್ಕು ಕ್ಯಾಮೆರಾಗಳಿದ್ದರೆ ಇನ್ನೊಂದರ ವಲಯದ ಅಂಚಿನಲ್ಲಿ ಒಂದೇ ಇರಬಹುದು. ಇಂತಹ ಪ್ರಾಣಿಯ ಸೆರೆಯ ಸಂಭವನೀಯತೆ ಎಲ್ಲಕ್ಕೂ ಸಮಾನ ಎನ್ನುವುದು ಜೀವಶಾಸ್ತ್ರಕ್ಕೆ ಒಪ್ಪದ ಮಾತು. ಸಣ್ಣ ದತ್ತಾಂಶ ಸರಳ ಮಾದರಿಯ ಕಡೆಗೆ ಬೆರಳು ತೋರಿದರೂ ಅದನ್ನು ಕಣ್ಣುಮುಚ್ಚಿ ಅನುಸರಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.

2006ರಲ್ಲಿ ಕಾರಂತ, ನಿಕೋಲ್ಸ್, ಸಾಂಬ ಕುಮಾರ್ ಮತ್ತು ಹೈನ್ಸ್ ಅವರು ನಾಗರಹೊಳೆಯ 1991ರಿಂದ 2000ದವರೆಗಿನ ದತ್ತಾಂಶವನ್ನು ಪ್ರಕಟಿಸಿದರು. ಗುರುತಿಸಲ್ಪಟ್ಟ ಹುಲಿಗಳು 74. ವಾರ್ಷಿಕ ಉಳಿವು 0.77, ಅದರ ಮಾನಕ ದೋಷ 0.051. ಅಧ್ಯಯನ ಪ್ರದೇಶ 231.8 ಚದರ ಕಿಲೋಮೀಟರಿಗೆ ಸ್ಥಿರವಾಗಿದ್ದ ವರ್ಷಗಳಲ್ಲಿ ಹುಲಿಗಳ ಸಂಖ್ಯೆ 17ರಿಂದ 31ರವರೆಗೆ ಏರಿಳಿಯಿತು. ಸರಾಸರಿ ವಾರ್ಷಿಕ ಬೆಳವಣಿಗೆಯ ದರ 1.03, ಮಾನಕ ದೋಷ 0.020. ವರ್ಷಕ್ಕೆ ನಾಲ್ಕನೆಯ ಒಂದು ಪಾಲಿನಷ್ಟು ಹುಲಿಗಳು ಸತ್ತೋ ಶಾಶ್ವತವಾಗಿ ಹೊರಹೋಗಿಯೋ ಕಾಣೆಯಾಗುತ್ತಿದ್ದರೂ ಸಮುದಾಯ ಕುಸಿಯದೆ ನಿಂತಿದೆ ಎಂಬ ಅರಿವು ಇದರ ದೊಡ್ಡ ಕೊಡುಗೆ. ಇದೇ ವೇಳೆ, ಮಾನಕ ದೋಷದ ಎರಡರಷ್ಟನ್ನು ಎರಡೂ ಕಡೆ ಇಟ್ಟರೆ ಬೆಳವಣಿಗೆಯ ದರ 0.99ರಿಂದ 1.07ರವರೆಗೆ ಇರಬಹುದು. 'ವರ್ಷಕ್ಕೆ ಶೇಕಡ 3ರಷ್ಟು ಏರಿಕೆ' ಎಂದು ಮಾತ್ರ ಉಲ್ಲೇಖಿಸುವವರು ಈ ಅಧ್ಯಯನಕ್ಕೆ ನ್ಯಾಯ ಮಾಡುವುದಿಲ್ಲ. ಸ್ಥಿರವಾಗಿರುವ ಸಮುದಾಯವೂ ಈ ಮಿತಿಯೊಳಗೆ ಬರುತ್ತದೆ.

ಈ ಅಧ್ಯಯನಗಳಿಗೂ ಒಂದು ಮಿತಿಯಿತ್ತು. ಸಂಖ್ಯೆಯಿಂದ ಸಾಂದ್ರತೆಗೆ ಹೋಗಲು ಪ್ರದೇಶದ ವಿಸ್ತೀರ್ಣ ಬೇಕು. ಕ್ಯಾಮೆರಾಗಳ ಹೊರಗಿನ ಅಂಚನ್ನು ಎಷ್ಟು ದೂರಕ್ಕೆ ಎಳೆಯಬೇಕೆಂಬುದನ್ನು ಹುಲಿಗಳು ಸಂಚರಿಸಿದ ಗರಿಷ್ಠ ದೂರದ ಸರಾಸರಿಯ ಅರ್ಧದಿಂದ ನಿರ್ಧರಿಸಲಾಗುತ್ತಿತ್ತು. ಇದು ಅನುಭವದ ನಿಯಮವೇ ಹೊರತು ಮಾದರಿಯಿಂದ ಹೊರಟದ್ದಲ್ಲ. ನ್ಯೂಜಿಲೆಂಡಿನ ಎಫರ್ಡ್ 2004ರಲ್ಲಿ ಆರಂಭಿಸಿದ ಸ್ಥಾನಾಧಾರಿತ ಮಾದರಿಗಳು ಈ ಕೊರತೆಯನ್ನು ತುಂಬಿದವು. ಪ್ರತಿ ಪ್ರಾಣಿಗೂ ಒಂದು ಸಂಚಾರ ಕೇಂದ್ರವಿದೆ, ಕ್ಯಾಮೆರಾ ಅದರಿಂದ ದೂರವಾದಷ್ಟೂ ಸೆರೆಯ ಸಂಭವನೀಯತೆ ಇಳಿಯುತ್ತದೆ ಎಂಬುದು ಇವುಗಳ ತಿರುಳು. 2009ರಲ್ಲಿ ರಾಯ್ಲ್, ಕಾರಂತ, ಗೋಪಾಲಸ್ವಾಮಿ ಮತ್ತು ಕುಮಾರ್ ಅವರು ಇಂತಹ ಮಾದರಿಯನ್ನು ನಾಗರಹೊಳೆಯ ದತ್ತಾಂಶಕ್ಕೇ ಅನ್ವಯಿಸಿದರು. ಹಿಂದೆ ಕಾಣದ ಭಿನ್ನತೆಯೆಂದು ಊಹಿಸಿದ್ದರ ಒಂದು ಮುಖ್ಯ ಭಾಗಕ್ಕೆ ಈಗ ಅಳೆಯಬಲ್ಲ ಕಾರಣ ದೊರೆಯಿತು. ಅದನ್ನು ದೊರಕಿಸಿದ್ದು ಹೊಸ ಮಾನದಂಡವಲ್ಲ, ಪ್ರತಿ ಚಿತ್ರದೊಂದಿಗೆ ಅದು ದೊರೆತ ಸ್ಥಳವನ್ನೂ ಲೆಕ್ಕಕ್ಕೆ ತಂದ ಮಾದರಿ.

7. ಒಂದು ಆಕ್ಷೇಪ

ಜೀವಶಾಸ್ತ್ರದ ತಿಳಿವಳಿಕೆಗೆ ಇಷ್ಟು ಅಧಿಕಾರ ಕೊಟ್ಟರೆ ಸಂಶೋಧಕನು ತನಗೆ ಬೇಕಾದ ಸಂಖ್ಯೆ ಕೊಡುವ ಮಾದರಿಯನ್ನೇ ಆರಿಸಿಕೊಳ್ಳಬಹುದಲ್ಲವೇ ಎಂಬ ಆಕ್ಷೇಪ ನ್ಯಾಯವಾದುದು. ಎಐಸಿಯಂತಹ ಮಾನದಂಡಗಳು ಜನಪ್ರಿಯವಾದದ್ದೇ ಅಂತಹ ಸ್ವೇಚ್ಛೆಗೆ ಕಡಿವಾಣ ಹಾಕುತ್ತವೆ ಎಂಬ ಕಾರಣಕ್ಕೆ. ಇದಕ್ಕೆ ಉತ್ತರ ಆಯ್ಕೆಯ ಕಾಲದಲ್ಲಿದೆ. ದತ್ತಾಂಶ ಕೈಗೆ ಬರುವ ಮೊದಲೇ, ಕ್ಯಾಮೆರಾ ನೆಡುವ ಮೊದಲೇ, ಯಾವ ಮಾದರಿಗಳನ್ನು ಪರಿಗಣಿಸಲಾಗುವುದು ಮತ್ತು ಏಕೆ ಎಂಬುದನ್ನು ಲಿಖಿತವಾಗಿ ದಾಖಲಿಸಿದರೆ ಸ್ವೇಚ್ಛೆಗೆ ಎಡೆಯಿರುವುದಿಲ್ಲ. ಆ ಪಟ್ಟಿಯೊಳಗೆ, ದತ್ತಾಂಶಕ್ಕೆ ವ್ಯತ್ಯಾಸ ತೋರುವ ಶಕ್ತಿಯಿರುವ ಕಡೆ, ಮಾನದಂಡ ತನ್ನ ಕೆಲಸ ಮಾಡಲಿ.

ಕ್ಷೇತ್ರಕಾರ್ಯದ ವಿನ್ಯಾಸದ ಪಾತ್ರವೂ ಇಲ್ಲಿಯೇ ಬರುತ್ತದೆ. ಮೇಲಿನ ಕಾಲ್ಪನಿಕ ಕಾಡಿನ ಅಂಜುಬುರುಕ ಪ್ರಾಣಿಗಳು ಎರಡು ಸುತ್ತುಗಳಲ್ಲಿ ಒಮ್ಮೆಯಾದರೂ ಸಿಗುವ ಸಂಭವನೀಯತೆ 0.19 ಮಾತ್ರ. ಇಪ್ಪತ್ತು ಸುತ್ತುಗಳಾದರೆ ಅದು 0.88ಕ್ಕೆ ಏರುತ್ತದೆ. ಕಾಣದವು ಕಡಿಮೆಯಾದಷ್ಟೂ ಮಾದರಿಗಳ ನಡುವಿನ ಜಗಳ ಕಿರಿದಾಗುತ್ತದೆ. ಅವಧಿಯನ್ನು ಅತಿಯಾಗಿ ಹಿಗ್ಗಿಸಿದರೆ ಸಮುದಾಯ ಮುಚ್ಚಿದ್ದಾಗಿ ಉಳಿಯದು. ಆದುದರಿಂದ ಕಡಿಮೆ ಅವಧಿಯಲ್ಲಿ ಹೆಚ್ಚು ಕ್ಯಾಮೆರಾಗಳು, ಪ್ರಾಣಿಗಳು ನಡೆದಾಡುವ ದಾರಿಗಳ ಪೂರ್ವಪರಿಚಯ, ಯಾವ ವಲಯವೂ ಬಿಟ್ಟುಹೋಗದ ಹಂಚಿಕೆ ಇವು ಅಗತ್ಯ. ಚಂದ್ರಶೇಖರನ್ ಮತ್ತು ಡೆಮಿಂಗ್ ಅವರು ಸೂಚಿಸಿದ ವಿವೇಕವೂ ಇದೇ ಜಾತಿಯದು.

8. ಉಪಸಂಹಾರ

ಈ ವಿಮರ್ಶೆಯಿಂದ ಹೊರಡುವ ತೀರ್ಮಾನ ಇಷ್ಟು. ಮಾದರಿ ಆಯ್ಕೆಯ ಮಾನದಂಡಗಳು ಕಂಡ ಪ್ರಾಣಿಗಳನ್ನು ಕುರಿತ ಪ್ರಶ್ನೆಗಳಿಗೆ ಸಮರ್ಥವಾಗಿ ಉತ್ತರಿಸುತ್ತವೆ. ಕಾಣದ ಪ್ರಾಣಿಗಳ ವಿಷಯದಲ್ಲಿ ಅವುಗಳ ತೀರ್ಪಿಗೆ ಅಂತಹ ಬಲವಿಲ್ಲ. ಅಲ್ಲಿ ಹೊಣೆ ವಿನ್ಯಾಸದ ಮೇಲೆ ಮತ್ತು ಪ್ರಾಣಿಯನ್ನು ಬಲ್ಲವರ ಮೇಲೆ ಬೀಳುತ್ತದೆ. ಗಣಕ ಕಾರ್ಯಕ್ರಮಗಳು ಸುಲಭವಾಗಿ ದೊರೆಯುವ ಈ ದಿನಗಳಲ್ಲಿ ಆ ಹೊಣೆಯನ್ನು ಎಐಸಿ ಕೋಷ್ಟಕದ ಮೊದಲ ಸಾಲಿಗೆ ವರ್ಗಾಯಿಸುವುದು ಸುಲಭವಾಗಿದೆ.

ಆದುದರಿಂದ ಯಾವುದೇ ಸಂಖ್ಯೆಯನ್ನು ಪ್ರಕಟಿಸುವಾಗ ನಾಲ್ಕು ವಿಷಯಗಳನ್ನು ಜೊತೆಗೆ ಪ್ರಕಟಿಸುವುದು ರೂಢಿಯಾಗಬೇಕು: ನಿಜವಾಗಿ ಕಂಡ ಪ್ರಾಣಿಗಳೆಷ್ಟು; ಪರಿಗಣಿಸಿದ ಮಾದರಿಗಳು ಯಾವುವು; ಅವುಗಳಲ್ಲಿ ತಿರಸ್ಕೃತವಾದವು ಕೊಟ್ಟ ಉತ್ತರಗಳೇನು; ಅಂದಾಜಿನ ಮೇಲಿನ ಮತ್ತು ಕೆಳಗಿನ ಮಿತಿಗಳು ಯಾವುವು. 2006ರ ರಾಷ್ಟ್ರೀಯ ಅಂದಾಜಿನಲ್ಲಿ 1,411 ಎಂಬ ಅಂಕಿಯೊಂದಿಗೆ 1,165ರಿಂದ 1,657ರವರೆಗಿನ ಮಿತಿಗಳನ್ನೂ ಕೊಡಲಾಗಿತ್ತು. ಸಾರ್ವಜನಿಕ ನೆನಪಿನಲ್ಲಿ ಉಳಿದದ್ದು ಮಾತ್ರ 1,411. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಅಂಕಿಯೊಂದಿಗೆ ಅದರ ಮಿತಿಗಳನ್ನೂ ಮಾದರಿಯನ್ನೂ ಬರೆದರೆ, ಓದುಗರು ಮುಂದಿನ ಅಂಕಿ ಬಂದಾಗ ಅದು ಕಾಡಿನಲ್ಲಾದ ಬದಲಾವಣೆಯೋ ಲೆಕ್ಕದ ಕ್ರಮದಲ್ಲಾದ ಬದಲಾವಣೆಯೋ ಎಂದು ತಾವೇ ವಿವೇಚಿಸಬಲ್ಲರು.